ಜನರನ್ನ ಕೇಳ್ರಿ ಅನ್ನೂದು ಸರಿ, ಕೇಳೂದು ಹೆಂಗ?

ನಮ್ಮ ಜಿಲ್ಲೆಯಲ್ಲಿ ಈಗ ಬಹಳ ಸಲೀಸಾಗಿ ಓಡಾಡುತ್ತಿರುವ ಮಾತು 'ಜನಮತ'. ಗಂಗಾವತಿಯಲ್ಲಿ ಕಿಷ್ಕಿಂಧೆ ಜಿಲ್ಲೆ ಆಗಲೇಬೇಕು ಎನ್ನುವವರು 'ಜನ ನಮ್ಮ ಕಡೆ ಅದಾರ' ಎನ್ನುತ್ತಾರೆ. ಕೊಪ್ಪಳದಲ್ಲಿ ಊರ ಮಗ್ಗಲಿನ ಕಾರ್ಖಾನೆ ಬೇಡ ಎನ್ನುವವರೂ ಜನರ ಹೆಸರನ್ನೇ ಹೇಳುತ್ತಾರೆ, ನಮ್ಮ ಹುಡುಗರಿಗೆ ನೌಕರಿ ಬೇಕು ಎನ್ನುವವರೂ ಅದೇ ಹೆಸರು ಹೇಳುತ್ತಾರೆ. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಕುಡಿತದಿಂದ ಮನೆ ಹಾಳಾಗುತ್ತಿದೆ ಎನ್ನುವ ತಾಯಂದಿರು 'ನಮ್ಮನ್ನ ಒಂದು ಮಾತು ಕೇಳ್ರಿ' ಎನ್ನುತ್ತಾರೆ. ಎಲ್ಲರ ಬಾಯಲ್ಲೂ ಜನಮತ. ಎಣಿಸಿದವರು ಮಾತ್ರ ಯಾರೂ ಇಲ್ಲ!

ಎಣಿಸದ ಜನಮತ ತೂಕ ಮಾಡದ ಭತ್ತದಂತೆ. ಮಾರುವವನದು ಒಂದು ಲೆಕ್ಕ, ಕೊಳ್ಳುವವನದು ಇನ್ನೊಂದು ಲೆಕ್ಕ. ನಡುವೆ ತಕ್ಕಡಿ ಹಿಡಿಯುವವನು ಬೇಕಲ್ಲ? ಆ ತಕ್ಕಡಿಗೆ ಜನಮತಗಣನೆ ಎಂದು ಹೆಸರು. ಇಂಗ್ಲಿಷ್ ಕಲಿತವರು ರೆಫರೆಂಡಂ ಎನ್ನುತ್ತಾರೆ, ಹಳಬರು ಪ್ಲೆಬಿಸೈಟ್ ಎನ್ನುತ್ತಿದ್ದರು. ಈ ತಕ್ಕಡಿ ಹೇಗೆ ತೂಗುತ್ತದೆ, ನಮ್ಮ ದೇಶದಲ್ಲಿ ಎಲ್ಲೆಲ್ಲಿ ತೂಗಿದೆ, ನಮ್ಮ ಜಿಲ್ಲೆಯ ಮಂದಿಗೆ ಯಾವಾಗ ಕೈ ತಪ್ಪಿತು ಎಂಬುದನ್ನು ಇವತ್ತು ಸ್ವಲ್ಪ ಬಿಡಿಸಿ ನೋಡೋಣ.

ಚುನಾವಣೆ ಬೇರೆ, ಇದು ಬೇರೆ

ಚುನಾವಣೆಯಲ್ಲಿ ನಾವು ಆರಿಸುವುದು ಮನುಷ್ಯನನ್ನು. ಆತ ಐದು ವರ್ಷ ನೂರೆಂಟು ವಿಷಯದಲ್ಲಿ ನಮ್ಮ ಪರವಾಗಿ ಕೈ ಎತ್ತುತ್ತಾನೆ. ರಸ್ತೆ ಮಾಡಿಸಿದ ಎಂದು ಓಟು ಹಾಕಿದವನೂ ಇರುತ್ತಾನೆ, ನಮ್ಮವ ಎಂದು ಹಾಕಿದವನೂ ಇರುತ್ತಾನೆ, ಎದುರಿನವ ಬೇಡ ಎಂದು ಹಾಕಿದವನೂ ಇರುತ್ತಾನೆ. ಗೆದ್ದವನು ಮಾತ್ರ 'ಎಲ್ಲದಕ್ಕೂ ಜನ ನನಗೆ ಒಪ್ಪಿಗೆ ಕೊಟ್ಟಾರ' ಎಂದು ಹೇಳಿಕೊಂಡು ತಿರುಗುತ್ತಾನೆ.

ಜನಮತಗಣನೆಯಲ್ಲಿ ಮನುಷ್ಯ ಇಲ್ಲ, ಪ್ರಶ್ನೆ ಇದೆ. ಒಂದೇ ಪ್ರಶ್ನೆ. ಹೌದು ಅಥವಾ ಅಲ್ಲ. ಇದು ಬೇಕೋ ಅದು ಬೇಕೋ. ಓಟು ಗುಪ್ತ, ಎಣಿಕೆ ಬಹಿರಂಗ. ಬಂದ್ ಮಾಡಿದಾಗ ಅಂಗಡಿ ಮುಚ್ಚಿದವನು ಮನಸ್ಸಿನಿಂದ ಮುಚ್ಚಿದನೋ, ಕಲ್ಲು ಬಿದ್ದಾವು ಎಂದು ಮುಚ್ಚಿದನೋ ಹೇಳಲಿಕ್ಕೆ ಆಗದು. ಮನವಿಪತ್ರಕ್ಕೆ ಸಹಿ ಹಾಕಿದವನು ಓದಿ ಹಾಕಿದನೋ, ಗೆಳೆಯನ ಮೋರೆ ನೋಡಿ ಹಾಕಿದನೋ ದೇವರಿಗೇ ಗೊತ್ತು. ಗುಪ್ತ ಮತಕ್ಕೆ ಈ ರಗಳೆ ಕಡಿಮೆ. ಸಾಹುಕಾರನದೂ ಒಂದೇ, ಆತನ ಜೀತಗಾರನದೂ ಒಂದೇ.

ಹಾಗಾದರೆ ನಮ್ಮ ಸಂವಿಧಾನದಲ್ಲಿ ಇದಕ್ಕೆ ಜಾಗ ಇದೆಯೇ? ಇಲ್ಲ. ಚುನಾವಣಾ ಆಯೋಗಕ್ಕೆ ಸಂವಿಧಾನದ 324ನೇ ವಿಧಿ ಕೊಟ್ಟಿರುವ ಕೆಲಸ ಸಂಸತ್ತು, ವಿಧಾನಮಂಡಲ, ರಾಷ್ಟ್ರಪತಿ, ಉಪರಾಷ್ಟ್ರಪತಿ ಚುನಾವಣೆಗಳದು. ರಾಜ್ಯದ ಗಡಿ ಬದಲಿಸುವುದು 3ನೇ ವಿಧಿಯಂತೆ ಸಂಸತ್ತಿನ ಅಧಿಕಾರ. ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಜನರದ್ದು ಕೇಳಬೇಕೆಂದಿಲ್ಲ. ಒಂದು ಸಲ ಮಾತ್ರ ಬಾಗಿಲು ಅರ್ಧ ತೆರೆದಿತ್ತು. ತುರ್ತುಪರಿಸ್ಥಿತಿ ಮುಗಿದ ಮೇಲೆ 1978ರಲ್ಲಿ ಜನತಾ ಸರ್ಕಾರ ತಂದ 45ನೇ ತಿದ್ದುಪಡಿ ಮಸೂದೆಯಲ್ಲಿ, ಸಂವಿಧಾನದ ಮೂಲ ಸ್ವರೂಪಕ್ಕೆ ಕೈ ಹಚ್ಚಬೇಕಾದರೆ ಜನಮತಗಣನೆ ಆಗಲೇಬೇಕು, ಅದರಲ್ಲಿ ಕನಿಷ್ಠ ನೂರಕ್ಕೆ 51 ಮತದಾರರು ಭಾಗವಹಿಸಲೇಬೇಕು ಎಂದಿತ್ತು. ಲೋಕಸಭೆ ಒಪ್ಪಿತು. ರಾಜ್ಯಸಭೆ ಆ ಕಲಮನ್ನು ಕಿತ್ತುಹಾಕಿತು. ಬಾಗಿಲು ಮತ್ತೆ ಮುಚ್ಚಿತು.

ನಮ್ಮನ್ನು ಕೇಳಬೇಕಾಗಿದ್ದ ವರ್ಷ

ಈಗ ನಮ್ಮ ಮನೆಯ ಕಥೆಗೆ ಬರೋಣ. ಜನಮತಗಣನೆ ಎಂಬುದು ದೂರದ ದೇಶದ ಸುದ್ದಿ ಎಂದುಕೊಂಡವರು 1948ನ್ನು ನೆನೆಯಬೇಕು. ಆಗ ನಾವೆಲ್ಲ ಹೈದರಾಬಾದ್ ಸಂಸ್ಥಾನದವರು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ನವಾಬರ ಜಹಗೀರು. ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂದರೂ ನಿಜಾಮರು ಭಾರತಕ್ಕೆ ಸೇರಲಿಲ್ಲ. 1947ರ ನವೆಂಬರ್ 29ರಂದು 'ಇದ್ದದ್ದು ಇದ್ದಂತೆ ಇರಲಿ' ಎಂದು ಒಂದು ವರ್ಷದ ಒಪ್ಪಂದ ಆಯಿತು.

ಮುಂದೆ ಮೌಂಟ್‌ಬ್ಯಾಟನ್ ಸಾಹೇಬರು ದೇಶ ಬಿಟ್ಟು ಹೊರಡುವ ಮುಂಚೆ, 1948ರ ಜೂನ್‌ನಲ್ಲಿ, ಒಂದು ಕರಡು ತಯಾರಾಯಿತು. ಸಂಸ್ಥಾನ ಭಾರತಕ್ಕೆ ಸೇರಬೇಕೋ ಬೇಡವೋ ಎಂಬುದನ್ನು ವಯಸ್ಕ ಮತಾಧಿಕಾರದ ಮೇಲೆ, ನಿಷ್ಪಕ್ಷಪಾತದ ಉಸ್ತುವಾರಿಯಲ್ಲಿ, ಜನರನ್ನೇ ಕೇಳೋಣ ಎಂಬುದು ಅದರ ತಿರುಳು. ಕೊಪ್ಪಳದ ಕಮ್ಮಾರನೂ, ಕುಷ್ಟಗಿಯ ಕುರಿ ಕಾಯುವವನೂ, ಗಂಗಾವತಿಯ ಗದ್ದೆಯ ಹೆಣ್ಣಾಳೂ ಜೀವನದಲ್ಲಿ ಮೊದಲ ಸಲ ಓಟು ಹಾಕುವುದು ದೇಶ ಯಾವುದು ಎಂಬ ಪ್ರಶ್ನೆಗೆ ಆಗಿರುತ್ತಿತ್ತು! ಆದರೆ ನಿಜಾಮರ ಕಡೆಯವರು ಹಿಂದೆ ಸರಿದರು. ಕರಡು ಕರಡಾಗಿಯೇ ಉಳಿಯಿತು. ಸೆಪ್ಟೆಂಬರ್ 13ರಿಂದ 17ರ ತನಕದ ಪೊಲೀಸ್ ಕಾರ್ಯಾಚರಣೆಯಲ್ಲಿ ವಿಷಯ ಇತ್ಯರ್ಥವಾಯಿತು.

ಕೇಳಿದ್ದರೆ ಮಂದಿ ಏನು ಹೇಳುತ್ತಿದ್ದರು? ರಜಾಕಾರರ ಕಾಟ ಉಂಡವರನ್ನೂ, ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ಗಡಿಯಾಚೆ ಮುಂಡರಗಿ ಶಿಬಿರ ಕಟ್ಟಿದವರನ್ನೂ ಬಲ್ಲವರಿಗೆ ಉತ್ತರ ಹೇಳಿಕೊಡಬೇಕಾಗಿಲ್ಲ. ಆದರೆ ಗೊತ್ತಿರುವುದು ಬೇರೆ, ಎಣಿಸಿದ್ದು ಬೇರೆ. ಅದೇ ವರ್ಷ ಫೆಬ್ರವರಿ 20ರಂದು ಜುನಾಗಢದ ಜನರನ್ನು ಕೇಳಲಾಯಿತು. ಭಾರತಕ್ಕೆ 1,90,779 ಮತ, ಪಾಕಿಸ್ತಾನಕ್ಕೆ 91 ಮತ. ಆ ಅಂಕಿ ಇಂದಿಗೂ ಪುಸ್ತಕದಲ್ಲಿದೆ. ಅಲ್ಲಿಯೂ ಆಡಳಿತ ಮೊದಲೇ ಭಾರತದ ಕೈಗೆ ಬಂದು, ಓಟು ಆಮೇಲೆ ನಡೆಯಿತು ಎಂಬುದನ್ನು ಮರೆಯಬಾರದು. ಮತಪೆಟ್ಟಿಗೆ ಯಾರ ಕೈಯಲ್ಲಿದೆ ಎಂಬುದೂ ಲೆಕ್ಕದ ಒಂದು ಭಾಗವೇ. ಆದರೂ ಅವರಿಗೆ ಒಂದು ಅಂಕಿ ಸಿಕ್ಕಿತು. ನಮ್ಮ ಹಿರಿಯರಿಗೆ ಅದೂ ಸಿಗಲಿಲ್ಲ. ಅವರು ಮತಪೆಟ್ಟಿಗೆಯ ಮುಂದೆ ನಿಂತದ್ದು 1952ರ ಸಾರ್ವತ್ರಿಕ ಚುನಾವಣೆಯಲ್ಲಿ. ಆಗ ಕುಷ್ಟಗಿ ಲೋಕಸಭಾ ಕ್ಷೇತ್ರದಿಂದ ಅದೇ ಶಿವಮೂರ್ತಿಸ್ವಾಮಿಗಳನ್ನು ಪಕ್ಷೇತರರಾಗಿ ಗೆಲ್ಲಿಸಿ ಕಳಿಸಿದರು.

ಅದಾದ ಮೇಲೆ ಕರ್ನಾಟಕಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆಗಲೂ ಓಟು ಇಲ್ಲ. ಫಜಲ್ ಅಲಿ ಆಯೋಗ ದೇಶ ತಿರುಗಿ 104 ಊರು ನೋಡಿತು, ಒಂಬತ್ತು ಸಾವಿರ ಮಂದಿಯನ್ನು ಮಾತಾಡಿಸಿತು. ಆಯೋಗಕ್ಕೆ ಬಂದ ಕಾಗದಪತ್ರ 1,52,250. ಅದರಲ್ಲಿ ವಿಚಾರ ಮಾಡಿ ಬರೆದವು ಎರಡು ಸಾವಿರದ ಮೇಲಿಲ್ಲ ಎಂದು ಆಯೋಗವೇ ವರದಿಯಲ್ಲಿ ಹೇಳಿತು. ಉಳಿದವು ತಾರು, ಅಚ್ಚು ಹಾಕಿಸಿದ ಠರಾವು ಇತ್ಯಾದಿ. ಮನವಿಯ ರಾಶಿ ಎಷ್ಟು ದೊಡ್ಡದಾದರೂ ಅದು ಮತ ಆಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಗೋವಾದ ಎರಡೆಲೆ

ಸ್ವತಂತ್ರ ಭಾರತದಲ್ಲಿ ಸಂಸತ್ತು ಕಾಯಿದೆ ಮಾಡಿ ಇಂಥ ಮತದಾನ ನಡೆಸಿದ್ದು ನಮ್ಮ ನೆರೆಯ ಗೋವಾದಲ್ಲಿ. ಪ್ರಶ್ನೆ ಇಷ್ಟೇ: ಗೋವಾ ಮಹಾರಾಷ್ಟ್ರದಲ್ಲಿ ಸೇರಬೇಕೋ, ಕೇಂದ್ರಾಡಳಿತ ಪ್ರದೇಶವಾಗಿ ಬೇರೆಯೇ ಉಳಿಯಬೇಕೋ? ಓದು ಬಾರದವರಿಗಾಗಿ ಗುರುತು ಕೊಟ್ಟರು. ಸೇರುವವರಿಗೆ ಹೂವು, ಬೇರೆ ಇರುವವರಿಗೆ ಎರಡೆಲೆ. ವಿಲೀನದ ಪರ ಇದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ಕುರ್ಚಿ ಬಿಟ್ಟಿಳಿದು, ರಾಷ್ಟ್ರಪತಿ ಆಡಳಿತ ಬಂದ ಮೇಲೆಯೇ ಓಟು ನಡೆಯಿತು. ತಕ್ಕಡಿ ಹಿಡಿಯುವವನು ಸರಕಿನ ಧಣಿ ಆಗಬಾರದು ನೋಡ್ರಿ, ಅದಕ್ಕೆ.

1967ರ ಜನವರಿ 16ರಂದು ಮತದಾನ. 3,88,432 ಮತದಾರರಲ್ಲಿ 3,17,633 ಮಂದಿ ಬಂದರು. ಎರಡೆಲೆಗೆ 1,72,191, ಹೂವಿಗೆ 1,38,170. ಅಂತರ 34,021. ಗೋವಾ ಗೋವಾ ಆಗಿಯೇ ಉಳಿಯಿತು. ಆದರೆ ಒಂದು ಸೂಕ್ಷ್ಮ ಗಮನಿಸಬೇಕು. 'ನಮಗೆ ನಮ್ಮದೇ ರಾಜ್ಯ ಬೇಕು' ಎನ್ನುವವನಿಗೆ ಆ ಮತಪತ್ರದಲ್ಲಿ ಗುರುತೇ ಇರಲಿಲ್ಲ. ಎರಡೇ ಬಾಗಿಲು, ಮೂರನೆಯದು ಗೋಡೆ. ಆ ಗೋಡೆ ಒಡೆದು ಗೋವಾ ರಾಜ್ಯವಾದದ್ದು 1987ರ ಮೇ 30ರಂದು, ಇಪ್ಪತ್ತು ವರ್ಷದ ಮೇಲೆ.

ಹೊರದೇಶದವರೂ ಈ ಪಾಠ ಕಲಿತಿದ್ದಾರೆ. ಸ್ಕಾಟ್ಲೆಂಡಿನಲ್ಲಿ 2014ರ ಮತದಾನಕ್ಕೆ ಅಲ್ಲಿನ ಸರ್ಕಾರ ಮೊದಲು ಬರೆದ ಪ್ರಶ್ನೆ 'ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂದು ನೀವು ಒಪ್ಪುತ್ತೀರಾ?' ಎಂದಿತ್ತು. 'ಒಪ್ಪುತ್ತೀರಾ' ಎಂದರೆ ಮಂದಿಯ ಬಾಯಲ್ಲಿ ಹೌದು ಎನ್ನಿಸಿದಂತೆ ಎಂದು ಚುನಾವಣಾ ಆಯೋಗ ತಕರಾರು ತೆಗೆಯಿತು. ಕೊನೆಗೆ 'ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ?' ಎಂದಾಯಿತು. ಬ್ರಿಟನ್ನಿನವರು 2016ರ ಜೂನ್ 23ರಂದು ಯುರೋಪ್ ಒಕ್ಕೂಟ ಬಿಡಬೇಕೋ ಇರಬೇಕೋ ಎಂದು ಮತ ಹಾಕಿದರು. ಬಿಡಬೇಕು ಎಂದವರು ನೂರಕ್ಕೆ 51.9, ಇರಬೇಕು ಎಂದವರು 48.1. ಬಿಡುವುದೇನೋ ಸರಿ, ಯಾವ ಕರಾರಿನ ಮೇಲೆ ಬಿಡುವುದು ಎಂದು ಪ್ರಶ್ನೆಯಲ್ಲಿ ಇರಲೇ ಇಲ್ಲ. ಅದರ ಜಗಳದಲ್ಲಿ ಮೂರೂವರೆ ವರ್ಷ ಹೋಗಿ, ಕಾಲು ಹೊರಗಿಟ್ಟದ್ದು 2020ರ ಜನವರಿ 31ಕ್ಕೆ.

ನಮ್ಮಲ್ಲಿ ಲೆಕ್ಕ ಹಾಕಿ ನೋಡ್ರಿ

ಈ ಕಥೆಗಳಿಂದ ತಿಳಿಯುವುದು ಒಂದೇ. ಗೆಲುವು ಸೋಲು ಓಟಿನ ದಿನಕ್ಕಿಂತ ಮುಂಚೆಯೇ ಅರ್ಧ ತೀರ್ಮಾನ ಆಗಿರುತ್ತದೆ. ಪ್ರಶ್ನೆ ಬರೆಯುವವರು ಯಾರು, ಓಟು ಯಾರಿಗೆ, ಎಷ್ಟು ಬಂದರೆ ಗೆಲುವು, ಗೆದ್ದ ಮೇಲೆ ಸರ್ಕಾರ ನಡೆದುಕೊಳ್ಳಲೇಬೇಕೋ ಬರೀ ಸಲಹೆಯೋ. ಈ ನಾಲ್ಕು ಗಂಟು ಬಿಚ್ಚದೆ ಜನಮತ ಎಂದು ಕೂಗಿದರೆ ಗಂಟಲು ನೋವು ಬಿಟ್ಟು ಬೇರೇನೂ ಸಿಗದು.

ಕಿಷ್ಕಿಂಧೆ ಜಿಲ್ಲೆಯ ವಿಷಯಕ್ಕೇ ಇದನ್ನು ಹಚ್ಚಿ ನೋಡಿ. ಓಟು ಯಾರಿಗೆ? ಗಂಗಾವತಿ, ಕಾರಟಗಿ, ಕನಕಗಿರಿಯವರಿಗಷ್ಟೇ ಕೊಟ್ಟರೆ ಉತ್ತರ ಒಂದು ಬಂದೀತು. ಜಿಲ್ಲೆ ಒಡೆದರೆ ಉಳಿದ ಅರ್ಧದ ಗತಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಕುಕನೂರಿನವರಿಗೂ ಸಂಬಂಧಪಟ್ಟದ್ದು ಎಂದು ಅವರಿಗೂ ಓಟು ಕೊಟ್ಟರೆ ಇನ್ನೊಂದು ಉತ್ತರ ಬಂದೀತು. ಮತದಾರರ ಪಟ್ಟಿಯ ಸುತ್ತ ಗೆರೆ ಎಳೆದವನೇ ಫಲಿತಾಂಶವನ್ನೂ ಎಳೆದಂತೆ! ಪ್ರಶ್ನೆ ಏನು? 'ಹೊಸ ಜಿಲ್ಲೆ ಬೇಕೆ?' ಎಂದು ಕೇಳಿದರೆ ಬೇಡ ಎನ್ನುವವರು ಯಾರು? 'ಜಿಲ್ಲಾ ಕಚೇರಿ ಯಾವ ಊರಲ್ಲಿ?' ಎಂದು ಕೇಳಿದರೆ ನಿನ್ನೆ ಕೈ ಕೈ ಹಿಡಿದು ನಡೆದವರೇ ಇಂದು ಮೋರೆ ತಿರುಗಿಸಿಯಾರು.

ಈಗಿನ ಕಾನೂನಿನಲ್ಲಿ ಜಿಲ್ಲೆ ಮಾಡುವುದು ಭೂಕಂದಾಯ ಕಾಯಿದೆಯಡಿ ರಾಜ್ಯ ಸರ್ಕಾರದ ಅಧಿಕಾರ. 1990ರ ದಶಕದ ಕೊನೆಯಲ್ಲಿ ರಾಯಚೂರಿನಿಂದ ಕೊಪ್ಪಳ ಬೇರೆಯಾದದ್ದು ಹಾಗೆಯೇ. ತುಂಗಭದ್ರೆಯ ಆಚೆ ದಡದಲ್ಲಿ 2021ರ ಫೆಬ್ರವರಿಯಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದದ್ದೂ ಹಾಗೆಯೇ. ಮೊದಲು ಕರಡು ಅಧಿಸೂಚನೆ, ಆಕ್ಷೇಪಣೆಗೆ 30 ದಿನ, ಆಮೇಲೆ ಕೊನೆಯ ಅಧಿಸೂಚನೆ. ಬಳ್ಳಾರಿಯಲ್ಲಿ ವಿರೋಧ ಆಯಿತು, ಬಂದ್ ಆಯಿತು. ಅರ್ಜಿ ಕೊಡಬಹುದಿತ್ತು, ಓಟು ಹಾಕುವಂತಿರಲಿಲ್ಲ.

ಕಾರ್ಖಾನೆಯ ಪ್ರಶ್ನೆ ಇನ್ನೂ ಬಿರುಸು. 2025ರ ಫೆಬ್ರವರಿ 24ರಂದು ಉಕ್ಕಿನ ಕಾರ್ಖಾನೆ ವಿಸ್ತರಣೆಗೆ ವಿರೋಧವಾಗಿ ಕೊಪ್ಪಳ ಬಂದ್ ನಡೆಯಿತು. ಗವಿಮಠದ ಸ್ವಾಮೀಜಿಯವರೇ ಬೀದಿಗಿಳಿದರು. ಸರ್ಕಾರ ಕಣ್ಣು ತೆರೆಯುವಷ್ಟು ಮಂದಿ ಸೇರಿದ್ದು ನಿಜ. ಆದರೂ ಬಂದ್‌ಗೆ ಅಂಕಿ ಇಲ್ಲ. ಭೂಮಿ ಕೊಟ್ಟು ನೌಕರಿಗೆ ಕಾಯುತ್ತಿರುವ ಮನೆಯವನ ಮಾತು ಯಾವ ಕಡೆ? ಬೂದಿ, ಹೊಗೆ ತಿನ್ನುತ್ತಿದ್ದೇವೆ ಎನ್ನುವ ಗಿಣಿಗೇರಾ, ಹಿರೇಬಗನಾಳ ಕಡೆಯವನ ಓಟಿಗೂ, ಹತ್ತಾರು ಮೈಲಿ ದೂರದ ಹನುಮಸಾಗರದವನ ಓಟಿಗೂ ಒಂದೇ ತೂಕವೋ? ದೂರದವನಿಗೆ ಹೊಗೆಯೂ ಇಲ್ಲ, ಹೊಣೆಯೂ ಇಲ್ಲ. ಆದರೆ ಅವನ ಮಗನಿಗೂ ನೌಕರಿಯ ಆಸೆ ಇದೆ. ಇದು ಸುಲಭದ ಲೆಕ್ಕವಲ್ಲ ಸ್ವಾಮಿ.

ಈಗ ಕಾನೂನು ಕೊಟ್ಟಿರುವುದು 2006ರ ಪರಿಸರ ಅಧಿಸೂಚನೆಯ ಸಾರ್ವಜನಿಕ ಅಹವಾಲು ಸಭೆ. 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಜಿಲ್ಲಾಧಿಕಾರಿ, ಇಲ್ಲವೇ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಕೂತು ನಡೆಸಬೇಕು. ಎಲ್ಲ ವಿಡಿಯೋ ಆಗಬೇಕು. ಒಳ್ಳೆಯದೇ. ಆದರೆ ಆ ಸಭೆಗೆ ಕೋರಂ ಬೇಕಿಲ್ಲ ಎಂದು ಅಧಿಸೂಚನೆಯೇ ಹೇಳುತ್ತದೆ. ಹತ್ತು ಮಂದಿ ಬಂದರೂ ಸಭೆಯೇ, ಹತ್ತು ಸಾವಿರ ಬಂದರೂ ಸಭೆಯೇ. ಅಲ್ಲಿ ಮಾತು ಬರೆದುಕೊಳ್ಳುತ್ತಾರೆ, ಕೈ ಎಣಿಸುವುದಿಲ್ಲ. ಅಹವಾಲನ್ನು ಮತ ಎಂದು ತಿಳಿದವರು ಮನೆಗೆ ಬಂದ ಮೇಲೆ ಕೈ ಕೈ ಹಿಸುಕಿಕೊಳ್ಳುತ್ತಾರೆ.

ನಿಂತ ಬಾಟ್ಲಿ, ಮಲಗಿದ ಬಾಟ್ಲಿ

ಹಾಗಾದರೆ ನೇರ ಮತಕ್ಕೆ ದಾರಿಯೇ ಇಲ್ಲವೆ? ಇದೆ. ದೊಡ್ಡದರಿಂದಲ್ಲ, ಸಣ್ಣದರಿಂದ.

ನೆರೆಯ ಮಹಾರಾಷ್ಟ್ರದಲ್ಲಿ ಹೆಣ್ಣುಮಕ್ಕಳು ಊರಿನ ಸಾರಾಯಿ ಅಂಗಡಿ ಮುಚ್ಚಿಸುವ ಕ್ರಮ ಒಂದಿದೆ. ಊರಿನ ಮತದಾರರಲ್ಲಿ, ಅಥವಾ ಮಹಿಳಾ ಮತದಾರರಲ್ಲಿ, ನೂರಕ್ಕೆ 25 ಮಂದಿ ಸಹಿ ಮಾಡಿ ಅರ್ಜಿ ಕೊಟ್ಟರೆ ಗುಪ್ತ ಮತದಾನ ನಡೆಯುತ್ತದೆ. ಮತಪತ್ರದಲ್ಲಿ ಎರಡು ಚಿತ್ರ: 'ಉಭೀ ಬಾಟ್ಲಿ', 'ಆಡವೀ ಬಾಟ್ಲಿ'. ನಿಂತ ಬಾಟ್ಲಿ ಎಂದರೆ ಅಂಗಡಿ ಇರಲಿ, ಮಲಗಿದ ಬಾಟ್ಲಿ ಎಂದರೆ ಮುಚ್ಚಲಿ. ಪಟ್ಟಿಯಲ್ಲಿರುವ ಮತದಾರರ ಅರ್ಧಕ್ಕಿಂತ ಹೆಚ್ಚು ಓಟು ಮಲಗಿದ ಬಾಟ್ಲಿಗೆ ಬಿದ್ದರೆ ಅಂಗಡಿ ಬಂದ್. ಬಿದ್ದ ಓಟಿನ ಅರ್ಧ ಅಲ್ಲ, ಪಟ್ಟಿಯ ಅರ್ಧ! ಅಂದರೆ ಮನೆಯಲ್ಲಿ ಕೂತವಳ ಓಟು ತಾನಾಗಿಯೇ ಅಂಗಡಿಯವನಿಗೆ ಹೋದಂತೆ. ಗೆಲುವಿನ ಅಳತೆ ಮೊದಲೇ ತಿಳಿದಿರಬೇಕು ಎಂಬುದು ಇದಕ್ಕೇ. ನಮ್ಮ ರಾಜ್ಯದ ಹೆಣ್ಣುಮಕ್ಕಳು 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ಕಾಲು ಬೊಬ್ಬೆ ಬಂದವು. ಬಾಟ್ಲಿ ಮಲಗಿಸುವ ಮತಪತ್ರ ಮಾತ್ರ ಅವರ ಕೈಗೆ ಬರಲಿಲ್ಲ.

ಇನ್ನೊಂದು ಉದಾಹರಣೆ ಒಡಿಶಾದ ನಿಯಮಗಿರಿ ಬೆಟ್ಟ. ಬಾಕ್ಸೈಟ್ ಗಣಿ ಬೇಕೋ ಬೇಡವೋ ಎಂಬುದರಲ್ಲಿ ಗುಡ್ಡದ ಜನರ ಹಕ್ಕು, ದೇವರ ಪ್ರಶ್ನೆಯನ್ನು ಗ್ರಾಮಸಭೆಗಳೇ ವಿಚಾರ ಮಾಡಲಿ ಎಂದು ಸುಪ್ರೀಂ ಕೋರ್ಟು 2013ರ ಏಪ್ರಿಲ್ 18ರಂದು ತೀರ್ಪಿತ್ತಿತು. ನ್ಯಾಯಾಧೀಶರ ಎದುರಿನಲ್ಲೇ 12 ಹಳ್ಳಿಗಳ ಗ್ರಾಮಸಭೆ ಕೂತವು. ಹನ್ನೆರಡಕ್ಕೆ ಹನ್ನೆರಡೂ ಬೇಡ ಎಂದವು. ಗಣಿ ನಿಂತಿತು. ಅರಣ್ಯ ಹಕ್ಕಿನ ಕಾಯಿದೆ ಅವರ ಬೆನ್ನಿಗಿತ್ತು ಎಂಬುದು ನಿಜ, ನಮ್ಮ ಬಯಲುಸೀಮೆಗೆ ಆ ಕಾಯಿದೆ ಹಾಗೆಯೇ ಹೊಂದದು. ಆದರೆ ಗ್ರಾಮಸಭೆ ಎಂಬುದು ನಮ್ಮಲ್ಲೂ ಇದೆಯಲ್ಲ?

ಇದ್ದದ್ದನ್ನ ಬಳಸಿದ್ದೀವಾ?

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆಯಲ್ಲಿ ಗ್ರಾಮಸಭೆಗೆ ಕೋರಂ ಇದೆ. ಮತದಾರರ ಹತ್ತರಲ್ಲಿ ಒಂದು ಪಾಲು, ಇಲ್ಲವೇ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು. ಊರಿನ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಅದರ ಸದಸ್ಯರೇ. ಆರಿಸಿ ಬರಬೇಕಾಗಿಲ್ಲ, ಯಾರ ಕಾಲಿಗೂ ಬೀಳಬೇಕಾಗಿಲ್ಲ. ನಾವು ಮಾಡುತ್ತಿರುವುದೇನು? ಸಭೆ ಇದೆ ಎಂದು ಡಂಗುರ ಸಾರಿದ್ದು ಯಾರಿಗೂ ಕೇಳಿಸಿರುವುದಿಲ್ಲ. ಮನೆ ಹಂಚುವ ದಿನ ಬಿಟ್ಟರೆ ಮಂದಿ ಕೂಡುವುದಿಲ್ಲ. ಸಹಿಯ ಪುಸ್ತಕ ಮಾತ್ರ ಆಮೇಲೆ ಮನೆ ಮನೆ ತಿರುಗಿ ಕೋರಂ ಮಾಡಿಕೊಂಡು ಬರುತ್ತದೆ ಎಂಬ ದೂರು ಯಾವ ತಾಲೂಕಿಗೆ ಹೋದರೂ ಕೇಳುತ್ತದೆ. ನೂರು ಮಂದಿ ಕೂಡಲಾರದ ಊರು ಜಿಲ್ಲೆಗೆಲ್ಲ ಜನಮತಗಣನೆ ಕೇಳಿದರೆ ಬೆಂಗಳೂರಿನವರು ನಗದೆ ಇನ್ನೇನು ಮಾಡಿಯಾರು?

ಗ್ರಾಮಸಭೆಯ ಠರಾವು ಕಾರ್ಖಾನೆಯನ್ನು ನಿಲ್ಲಿಸದು, ಜಿಲ್ಲೆಯನ್ನೂ ಮಾಡದು. ಅದು ಗೊತ್ತಿದ್ದೇ ಹೇಳುತ್ತಿದ್ದೇವೆ. ಆದರೆ ಮುನ್ನೂರು ಮಂದಿ ಕೂತು, ಪ್ರಶ್ನೆಯನ್ನು ಓದಿ ಹೇಳಿ, ಪರ ಇಷ್ಟು ವಿರೋಧ ಇಷ್ಟು ಎಂದು ಎಣಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿದ ಒಂದು ಅಂಕಿ ನಾಳೆ ಕೋರ್ಟಿಗೆ ಹೋದರೂ ಸರ್ಕಾರದ ಮುಂದೆ ಹೋದರೂ ಕಾಗದದ ಮೇಲೆ ನಿಂತು ಮಾತಾಡುತ್ತದೆ. ಕೊಪ್ಪಳ, ಗಂಗಾವತಿಯಂಥ ಪಟ್ಟಣದವರಿಗೆ ಗ್ರಾಮಸಭೆಯೂ ಇಲ್ಲ. ಅವರ ವಾರ್ಡಿನ ಮಾತು ಎಣಿಸುವ ದಾರಿ ಯಾವುದು ಎಂಬುದನ್ನು ನಮ್ಮ ಶಾಸಕರು ವಿಧಾನಸಭೆಯಲ್ಲಿ ಕೇಳಲಿ. 'ಜನಮತ ನಮ್ಮ ಕಡೆ ಐತಿ' ಎನ್ನುವ ಎರಡೂ ಕಡೆಯ ಮುಖಂಡರಿಗೆ ನಮ್ಮದು ಒಂದೇ ಸವಾಲು. ನಿಮ್ಮ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆದು ಕೊಡ್ರಿ. ಯಾರು ಯಾರು ಓಟು ಹಾಕಬೇಕು ಹೇಳ್ರಿ. ಸೋತರೆ ಸುಮ್ಮನಾಗುತ್ತೀರಾ ಎಂಬುದನ್ನೂ ಹೇಳ್ರಿ.

1948ರಲ್ಲಿ ನಮ್ಮ ಹಿರಿಯರನ್ನು ಕೇಳುತ್ತೇವೆ ಎಂದವರು ಕೇಳಲಿಲ್ಲ. ಆಗ ಮಂದಿಯ ಕೈಯಲ್ಲಿ ಏನೂ ಇರಲಿಲ್ಲ. ಈಗ ಆರು ತಿಂಗಳಿಗೊಮ್ಮೆ ಗ್ರಾಮಸಭೆ ಕರೆಯಲೇಬೇಕೆಂಬ ಕಾನೂನಿದೆ. ಮುಂದಿನ ಸಭೆಗೆ ನಿಮ್ಮೂರಲ್ಲಿ ಎಷ್ಟು ಮಂದಿ ಹೋಗುತ್ತೀರಿ?